ನೆಲದಡಿ ಹೊಕ್ಕ ಕಡಲು: ಸ್ಯಾಂಡಿ ಚಂಡಮಾರುತ ಮತ್ತು ಅಡಿ-ಅಂಗುಲದ ಲೆಕ್ಕ

ಗಾಳಿಯ ವೇಗವೊಂದನ್ನೇ ನೋಡಿದರೆ ಸ್ಯಾಂಡಿ ಅಂಥ ದೊಡ್ಡ ಚಂಡಮಾರುತವೇನಲ್ಲ. 2012ರ ಅಕ್ಟೋಬರ್ 29ರ ಸಂಜೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬ್ರಿಗಂಟೀನ್ ಬಳಿ ಅದು ದಡಕ್ಕೆ ಬಂದಾಗ ಗಾಳಿ ಗಂಟೆಗೆ 80 ಮೈಲಿ, ಅಂದರೆ 130 ಕಿಲೋಮೀಟರ್ ಆಸುಪಾಸು. ಒಡಿಶಾ, ಆಂಧ್ರದ ಕರಾವಳಿ ಇದರ ಎರಡರಷ್ಟು ಗಾಳಿ ಕಂಡಿದೆ. ಆದರೂ ಅಮೆರಿಕದಲ್ಲಿ ಚಂಡಮಾರುತಕ್ಕೆ ನೇರವಾಗಿ ಸಿಕ್ಕಿ 72 ಜನ ಸತ್ತರು. ಆರೂವರೆ ಲಕ್ಷ ಮನೆಗಳಿಗೆ ಹಾನಿಯಾಯಿತು. 85 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ನಷ್ಟದ ಲೆಕ್ಕ ಸುಮಾರು 6,500 ಕೋಟಿ ಡಾಲರ್ ಮುಟ್ಟಿತು.

ಇಷ್ಟೊಂದು ಹಾನಿ ಗಾಳಿಯೊಂದರಿಂದ ಆದದ್ದಲ್ಲ. ಚಳಿಪ್ರದೇಶದ ಕರಾವಳಿ ತನ್ನ ಜೀವಾಳವನ್ನೆಲ್ಲ ನೆಲದ ಕೆಳಗೆ ಇಟ್ಟುಕೊಂಡಿರುತ್ತದೆ. ಮನೆ ಕಾಯಿಸುವ ಬಾಯ್ಲರು, ಎಣ್ಣೆ ಟ್ಯಾಂಕು, ಕರೆಂಟಿನ ಪ್ಯಾನೆಲ್ಲು, ಫೋನಿನ ತಂತಿ, ರೈಲು, ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಹೊಡೆಯುವ ಪಂಪು, ಎಲ್ಲವೂ ಕೆಳಗೇ. ಅದಕ್ಕೆ ಕಾರಣವೂ ಇದೆ. ಚಳಿಗಾಲದಲ್ಲಿ ನೆಲ ಸುಮಾರು ಮೂರು ಅಡಿ ಆಳದವರೆಗೆ ಹೆಪ್ಪುಗಟ್ಟಿ ಉಬ್ಬುವ ಊರಲ್ಲಿ ಪಾಯವನ್ನು ಅದಕ್ಕಿಂತ ಕೆಳಗೆ ಇಳಿಸಲೇಬೇಕು. ಅಷ್ಟು ಅಗೆದ ಮೇಲೆ ಇನ್ನು ನಾಲ್ಕಡಿ ಅಗೆದು ಒಂದು ಬೇಸ್‌ಮೆಂಟ್ ಮಾಡಿಕೊಳ್ಳೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಂಥ ಕಡೆ ನೆಲದ ಬೆಲೆಯೂ ಇದೇ ದಾರಿ ತೋರಿಸುತ್ತದೆ: ಬಾಡಿಗೆ ಬರುವ ಮಹಡಿ ಮೇಲೆ, ಯಂತ್ರ ಕೆಳಗೆ. ಆ ರಾತ್ರಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಬಹುಪಾಲು ನಿರ್ಧರಿಸಿದ್ದು ಒಂದೇ ಪ್ರಶ್ನೆ. ಆ ವಸ್ತು ಎಷ್ಟು ಅಡಿ ಎತ್ತರದಲ್ಲಿತ್ತು?

ನೀರು ಅಷ್ಟು ಮೇಲಕ್ಕೆ ಬಂದದ್ದು ಹೇಗೆ

ಕೆರಿಬಿಯನ್ ಕಡಲಲ್ಲಿ ಅಕ್ಟೋಬರ್ 22ರಂದು ಹುಟ್ಟಿದ ಸ್ಯಾಂಡಿ ಮೊದಲು ಜಮೈಕಾ, ಆಮೇಲೆ ಕ್ಯೂಬಾದ ಸಾಂಟಿಯಾಗೋ ಕಡೆಯ ಊರುಗಳನ್ನು ಬಡಿಯಿತು. ಹೈಟಿಯಲ್ಲಿ ಅದರ ಮಳೆಗೇ 54 ಜನ ತೀರಿಕೊಂಡರು. ಅಮೆರಿಕದ ಟಿವಿ ಪರದೆಗಳಲ್ಲಿ ಈ ಸಾವುಗಳಿಗೆ ಸಿಕ್ಕ ಜಾಗ ಕಡಿಮೆ. ಈ ಬರಹವೂ ಉತ್ತರದ ಕರಾವಳಿಯದ್ದೇ, ಆದರೂ ಆ ಸಂಖ್ಯೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಉತ್ತರಕ್ಕೆ ಏರುವ ಚಂಡಮಾರುತಗಳು ಸಾಮಾನ್ಯವಾಗಿ ಬಲಕ್ಕೆ ತಿರುಗಿ ಅಟ್ಲಾಂಟಿಕ್‌ನ ನಡುವಿಗೆ ಹೋಗಿ ಸಾಯುತ್ತವೆ. ಸ್ಯಾಂಡಿ ಎಡಕ್ಕೆ ತಿರುಗಿತು. ಉತ್ತರ ಅಟ್ಲಾಂಟಿಕ್‌ನ ಮೇಲೆ ಒಂದು ಅಧಿಕ ಒತ್ತಡದ ವಲಯ ಕದಲದೆ ಕೂತು ದಾರಿ ಕಟ್ಟಿತ್ತು. ಪಶ್ಚಿಮದಿಂದ ಬಂದ ಚಳಿಗಾಳಿಯ ವ್ಯವಸ್ಥೆಯೊಂದು ಅದನ್ನು ಒಳನಾಡಿನತ್ತ ಸೆಳೆಯಿತು. ಹಾಗಾಗಿ ಅದು ನ್ಯೂಜೆರ್ಸಿಯ ದಡಕ್ಕೆ ಹೆಚ್ಚುಕಡಿಮೆ ಲಂಬವಾಗಿ ನುಗ್ಗಿತು. ದಾಖಲೆ ಶುರುವಾದ ಮೇಲೆ ಆ ದಡಕ್ಕೆ ಅಷ್ಟು ನೇರವಾಗಿ ಬಂದ ಇನ್ನೊಂದಿಲ್ಲ. ಯುರೋಪಿನ ಹವಾಮಾನ ಕೇಂದ್ರದ ಕಂಪ್ಯೂಟರ್ ಮಾದರಿ ಈ ಎಡತಿರುವನ್ನು ಸುಮಾರು ಒಂದು ವಾರ ಮುಂಚೆಯೇ ತೋರಿಸಿತ್ತು. ಅಮೆರಿಕದ ಮಾದರಿ ಒಪ್ಪಿಕೊಳ್ಳಲು ಇನ್ನೂ ಕೆಲವು ದಿನ ತೆಗೆದುಕೊಂಡಿತು.

ಎಡಕ್ಕೆ ತಿರುಗಿದ್ದರಿಂದ ಆದದ್ದಿಷ್ಟು. ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಬಲಬದಿಯಲ್ಲಿ ಗಾಳಿ ಅದು ಸಾಗುವ ದಿಕ್ಕಿಗೇ ಬೀಸುತ್ತದೆ. ಪಶ್ಚಿಮಕ್ಕೆ ಹೊರಟ ಸ್ಯಾಂಡಿಯ ಬಲಬದಿಗೆ, ಅಂದರೆ ಉತ್ತರಕ್ಕೆ, ಇದ್ದದ್ದು ನ್ಯೂಯಾರ್ಕ್ ಬಂದರು. ಲಾಂಗ್ ಐಲೆಂಡ್‌ನ ದಡ ಪೂರ್ವ-ಪಶ್ಚಿಮವಾಗಿ, ನ್ಯೂಜೆರ್ಸಿಯ ದಡ ಉತ್ತರ-ದಕ್ಷಿಣವಾಗಿ ಹರಡಿ, ಎರಡೂ ಸೇರುವ ಮೂಲೆಯಲ್ಲೇ ಆ ಬಂದರು. ಮೊರವನ್ನು ಓರೆ ಮಾಡಿದರೆ ಕಾಳೆಲ್ಲ ಮೂಲೆಗೆ ಹೋಗಿ ಗುಡ್ಡೆಯಾಗುವ ಹಾಗೆ, ಸಾವಿರ ಮೈಲಿ ಅಡ್ಡಗಲದ ಗಾಳಿ ದಿನಗಟ್ಟಲೆ ತಳ್ಳಿದ ನೀರು ಆ ಮೂಲೆಯಲ್ಲಿ ಪೇರಿಸಿಕೊಂಡಿತು. ಕಡಲತಳ ಅಲ್ಲಿ ಆಳವಿಲ್ಲದ ಕಾರಣ ನೀರಿಗೆ ಕೆಳಗಿಂದ ಹಿಂದಿರುಗುವ ದಾರಿಯೂ ಇರಲಿಲ್ಲ. ಗಾಳಿ ಹೀಗೆ ತಳ್ಳಿ ಏರಿಸುವ ನೀರನ್ನೇ ಸ್ಟಾರ್ಮ್ ಸರ್ಜ್ ಎನ್ನುತ್ತಾರೆ.

ಅದರ ಜೊತೆಗೆ ಅಂದು ಹುಣ್ಣಿಮೆ. ಮ್ಯಾನ್‌ಹಟನ್‌ನ ದಕ್ಷಿಣ ತುದಿಯ ಬ್ಯಾಟರಿ ಎಂಬಲ್ಲಿ ನೀರಿನ ಮಟ್ಟ ಅಳೆಯುವ ಹಳೆಯ ಮಾಪಕವಿದೆ. ಆ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಅದು 14.06 ಅಡಿ ತೋರಿಸಿತು. ಇಳಿತದ ಸರಾಸರಿ ಮಟ್ಟದಿಂದ ಮೇಲೆ ಎಣಿಸಿದ ಎತ್ತರ ಅದು. ಅದರಲ್ಲಿ ಸುಮಾರು 4.7 ಅಡಿ ಎಂದಿನ ಉಬ್ಬರದ್ದು, 9.4 ಅಡಿ ಗಾಳಿಯದ್ದು. ಹಿಂದಿನ ದಾಖಲೆ 1960ರ ಡೋನಾ ಚಂಡಮಾರುತದ್ದು, ಸುಮಾರು 10 ಅಡಿ. ದಾಖಲೆಯನ್ನು ಅಂಗುಲದ ಲೆಕ್ಕದಲ್ಲಿ ಮುರಿಯುವುದು ವಾಡಿಕೆ. ಇಲ್ಲಿ ನಾಲ್ಕಡಿ ಒಮ್ಮೆಗೇ ಮೇಲೆ ಹೋಯಿತು. ಇದೇ ಮಾಪಕದ ಪ್ರಕಾರ 1900ರಿಂದೀಚೆಗೆ ಅಲ್ಲಿ ಸಮುದ್ರಮಟ್ಟವೇ ಒಂದಡಿಯಷ್ಟು ಏರಿದೆ. ಆ ಒಂದಡಿ ಸಣ್ಣದು ಅಂತ ಕಂಡರೆ ಮುಂದಿನ ಭಾಗ ಓದಿ.

ಅದೃಷ್ಟವೂ ಅಲ್ಲಲ್ಲಿ ಕೈಹಿಡಿಯಿತು. ಲಾಂಗ್ ಐಲೆಂಡ್‌ನ ಉತ್ತರಕ್ಕಿರುವ ಕಡಲ ಪಟ್ಟಿ ಲಾಂಗ್ ಐಲೆಂಡ್ ಸೌಂಡ್‌ನ ಪಶ್ಚಿಮ ತುದಿಯ ಕಿಂಗ್ಸ್ ಪಾಯಿಂಟ್‌ನಲ್ಲಿ ಗಾಳಿ ತಳ್ಳಿದ ನೀರು ಬ್ಯಾಟರಿಗಿಂತ ಹೆಚ್ಚು, 12.65 ಅಡಿ. ಆದರೆ ಅಲ್ಲಿ ಉಬ್ಬರಇಳಿತದ ಗಡಿಯಾರ ಕೆಲವು ಗಂಟೆ ಹಿಂದೆ. ಸರ್ಜ್‌ನ ಶಿಖರ ಇಳಿತದ ಹೊತ್ತಿಗೆ ಬಂದದ್ದರಿಂದ ಆ ಕಡೆಯ ಊರುಗಳು ಇನ್ನೂ ಹಲವು ಅಡಿ ಮುಳುಗುವುದು ತಪ್ಪಿತು.

ಹನ್ನೆರಡೂವರೆ ಅಡಿಯ ಗೋಡೆ, ಹದಿನಾಲ್ಕು ಅಡಿಯ ನೀರು

ಮ್ಯಾನ್‌ಹಟನ್‌ನ ಪೂರ್ವ 13ನೇ ರಸ್ತೆಯಲ್ಲಿ ಕಾನ್ ಎಡಿಸನ್ ಎಂಬ ವಿದ್ಯುತ್ ಕಂಪನಿಯ ಸಬ್‌ಸ್ಟೇಷನ್ ಇದೆ. ಅದನ್ನು ಹನ್ನೆರಡೂವರೆ ಅಡಿ ನೀರಿಗೆ ತಡೆಯುವಂತೆ ಕಟ್ಟಿದ್ದರು. ಹಿಂದಿನ ದಾಖಲೆಯ ಮೇಲೆ ಎರಡೂವರೆ ಅಡಿ ಹೆಚ್ಚು ಇಟ್ಟದ್ದು ಆಗಿನ ಕಾಲಕ್ಕೆ ಜಾಣತನವೇ. ಬಂದದ್ದು ಹದಿನಾಲ್ಕು ಅಡಿ. ರಾತ್ರಿ ಎಂಟೂವರೆಯ ಸುಮಾರಿಗೆ ಉಪ್ಪುನೀರು ಉಪಕರಣಗಳಿಗೆ ತಾಗಿ ಸ್ಫೋಟವಾಯಿತು. 39ನೇ ರಸ್ತೆಯಿಂದ ಕೆಳಗಿನ ಮ್ಯಾನ್‌ಹಟನ್ ಬಹುಪಾಲು ಕತ್ತಲಾಯಿತು. ಕರೆಂಟು ಬರಲು ನಾಲ್ಕು ದಿನ ಬೇಕಾಯಿತು. ಒಂದೂವರೆ ಅಡಿ ಕೊರತೆಯ ಬೆಲೆ ಅದು.

ಆಸ್ಪತ್ರೆಗಳ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ತಪ್ಪು ಎಲ್ಲಿ ಅಡಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಎನ್‌ವೈಯು ಲ್ಯಾಂಗೋನ್ ಮತ್ತು ಬೆಲ್‌ವ್ಯೂ ಎರಡೂ ಈಸ್ಟ್ ರಿವರ್ ಪಕ್ಕದ ದೊಡ್ಡ ಆಸ್ಪತ್ರೆಗಳು. ಎರಡಕ್ಕೂ ಜನರೇಟರ್ ಇತ್ತು, ಮೇಲಿನ ಮಹಡಿಯಲ್ಲೇ ಇತ್ತು. ಕಾಗದದ ಮೇಲೆ ನೋಡಿದವರು ‘ಜನರೇಟರ್ ಎತ್ತರದಲ್ಲಿದೆ’ ಎಂದು ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಆದರೆ ಬೆಂಕಿ ಸುರಕ್ಷತೆಯ ನಿಯಮದಿಂದಾಗಿ ಮೇಲಿನ ಮಹಡಿಗಳಲ್ಲಿ ಹೆಚ್ಚು ಡೀಸೆಲ್ ಇಡುವಂತಿಲ್ಲ. ದೊಡ್ಡ ಟ್ಯಾಂಕು ಕೆಳಗೆ, ಅದರಿಂದ ಮೇಲಕ್ಕೆ ತಳ್ಳುವ ಪಂಪೂ ಕೆಳಗೆ. ಡೀಸೆಲನ್ನು ಹತ್ತಾರು ಮಹಡಿ ಮೇಲಿನಿಂದ ಹೀರಲು ಆಗುವುದಿಲ್ಲ, ಕೆಳಗಿಂದ ತಳ್ಳಲೇಬೇಕು. ಹಾಗಾಗಿ ಪಂಪು ಬೇಸ್‌ಮೆಂಟಿನಲ್ಲಿ ಕೂತದ್ದು ಯಾರದೋ ಬೇಜವಾಬ್ದಾರಿಯೇ ಅಂತ ಹೇಳಲಾಗದು, ಅದು ವಿನ್ಯಾಸದ ಸಹಜ ಫಲ. ಪಂಪು ಮುಳುಗಿತು. ಮೇಲಿನ ಯಂತ್ರ ಚಿಕ್ಕ ಟ್ಯಾಂಕಿನಲ್ಲಿ ಇದ್ದಷ್ಟು ಕುಡಿದು ನಿಲ್ಲುವ ಹಂತಕ್ಕೆ ಬಂತು. ಬೆಲ್‌ವ್ಯೂನಲ್ಲಿ ಸಿಬ್ಬಂದಿ ಮತ್ತು ನ್ಯಾಷನಲ್ ಗಾರ್ಡ್‌ನವರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಡೀಸೆಲ್ ಕ್ಯಾನುಗಳನ್ನು ಕೈಯಿಂದ ಕೈಗೆ 13ನೇ ಮಹಡಿಗೆ ಸಾಗಿಸಿದರು. ಲಿಫ್ಟಿನ ಗುಂಡಿಗಳಲ್ಲಿ ನೀರು ತುಂಬಿ ಲಿಫ್ಟೂ ಇರಲಿಲ್ಲ. ಲ್ಯಾಂಗೋನ್‌ನಲ್ಲಿ ಅದೇ ರಾತ್ರಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಮೆಟ್ಟಿಲಿಳಿಸಿ ಹೊರಗೆ ತಂದರು. ಅವರಲ್ಲಿ ತೀವ್ರ ನಿಗಾ ಘಟಕದ 20 ನವಜಾತ ಶಿಶುಗಳೂ ಇದ್ದವು. ನರ್ಸ್‌ಗಳು ಉಸಿರಿನ ಚೀಲವನ್ನು ಕೈಯಲ್ಲೇ ಒತ್ತುತ್ತ, ಟಾರ್ಚ್ ಬೆಳಕಿನಲ್ಲಿ ಇಳಿಸಿದರು. 75 ಬ್ರಾಡ್ ಸ್ಟ್ರೀಟ್‌ನ ಡೇಟಾ ಸೆಂಟರ್ ಒಂದರಲ್ಲೂ ಇದೇ ಕಥೆ. ಅಲ್ಲಿ 17 ಮಹಡಿ ಡೀಸೆಲ್ ಹೊತ್ತವರು ಸಾಫ್ಟ್‌ವೇರ್ ಕಂಪನಿಗಳವರು.

ಸರಿ, ಪರಿಹಾರ ಏನು? ಪಂಪನ್ನು ನೀರು ನುಗ್ಗದ, ಹಡಗಿನಲ್ಲಿರುವಂಥ ಬಾಗಿಲಿನ ಕೋಣೆಯಲ್ಲಿ ಇಡಬೇಕು. ಟ್ಯಾಂಕಿನ ಗಾಳಿಕೊಳವೆಯ ಬಾಯಿ ಪ್ರವಾಹಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಪಂಪು ಉಳಿದರೂ ಡೀಸೆಲಿಗೆ ನೀರು ಸೇರುತ್ತದೆ. ಪಂಪಿನ ಸ್ವಿಚ್ಚು, ಸ್ಟಾರ್ಟರು ಮೇಲಿನ ಮಹಡಿಯಲ್ಲಿರಬೇಕು. ರಸ್ತೆಯಿಂದ ಟ್ಯಾಂಕರ್ ಲಾರಿ ನೇರವಾಗಿ ಮೇಲಕ್ಕೆ ಡೀಸೆಲ್ ತಳ್ಳುವಂತೆ ಗೋಡೆಯ ಹೊರಗೆ ಒಂದು ಕನೆಕ್ಷನ್ ಇರಬೇಕು. ಇಷ್ಟರಲ್ಲಿ ಒಂದು ಬಿಟ್ಟುಹೋದರೂ ಮೇಲಿನ ಜನರೇಟರ್ ಬರೀ ಶೋಕಿಗೆ.

ನ್ಯೂಜೆರ್ಸಿಯ ರೈಲು ಸಂಸ್ಥೆ ಎನ್‌ಜೆ ಟ್ರಾನ್ಸಿಟ್ ತನ್ನ ಬೋಗಿ, ಎಂಜಿನ್‌ಗಳನ್ನು ಮೆಡೋಲ್ಯಾಂಡ್ಸ್ ಎಂಬ ಜೌಗುಪ್ರದೇಶದ ಕಾರ್ನಿ ಯಾರ್ಡ್‌ನಲ್ಲಿ, ಹೊಬೊಕೆನ್‌ನಲ್ಲಿ ನಿಲ್ಲಿಸಿತ್ತು. ಆ ಯಾರ್ಡ್ ಹಿಂದೆಂದೂ ಮುಳುಗಿರಲಿಲ್ಲ ಎಂಬುದು ಆಮೇಲೆ ಕೇಳಿಬಂದ ಸಮಜಾಯಿಷಿ. ಸುಮಾರು 340 ಬೋಗಿ-ಎಂಜಿನ್‌ಗಳು ನೀರಲ್ಲಿ ನಿಂತವು. ನದಿಯಾಚೆ ನ್ಯೂಯಾರ್ಕ್ ಸಬ್‌ವೇಯವರು ಹಿಂದಿನ ದಿನ ಸಂಜೆ ಏಳಕ್ಕೇ ಸೇವೆ ನಿಲ್ಲಿಸಿ, ರೈಲುಗಳನ್ನು ಎತ್ತರದ ಜಾಗಗಳಿಗೆ ಸಾಗಿಸಿದ್ದರು. ಅವರು ಕಳೆದುಕೊಂಡ ಬೋಗಿಗಳು ಬೆರಳೆಣಿಕೆಯಷ್ಟು. ಎರಡೂ ಕಡೆ ಇದ್ದದ್ದು ಒಂದೇ ಮುನ್ಸೂಚನೆ.

ಉಪ್ಪು ಮಾಡುವ ನಿಧಾನದ ಕೆಲಸ

ಬೋಗಿ ಉಳಿಯಿತು ನಿಜ, ಆದರೆ ಸುರಂಗವನ್ನು ಸಾಗಿಸಲಾಗದು. ನದಿಯಡಿ ಹಾಯುವ ಮಾಂಟಗ್ಯೂ ಸುರಂಗಕ್ಕೆ 2.7 ಕೋಟಿ ಗ್ಯಾಲನ್ ನೀರು ನುಗ್ಗಿತು, ಕನಾರ್ಸಿ ಸುರಂಗಕ್ಕೆ 70 ಲಕ್ಷ. ಪಂಪು ಮಾಡಿ ಹೊರಹಾಕುವುದು ಕೆಲವು ದಿನದ ಕೆಲಸ, ಪಂಪು ರೈಲುಗಳೇ ಇದ್ದವು. ಮುಖ್ಯ ತೊಂದರೆ ಶುರುವಾಗುವುದು ನೀರು ಹೋದ ಮೇಲೆ. ಸಿಹಿನೀರು ಒಣಗಿದರೆ ಕೆಸರು ಉಳಿಯುತ್ತದೆ. ಉಪ್ಪುನೀರು ಒಣಗಿದರೆ ಕೆಸರಿನ ಜೊತೆ ಉಪ್ಪೂ ಉಳಿಯುತ್ತದೆ, ಆ ಉಪ್ಪು ಗಾಳಿಯ ತೇವವನ್ನೇ ಹೀರಿ ಮತ್ತೆ ಮತ್ತೆ ಒದ್ದೆಯಾಗುತ್ತದೆ. ಸಿಗ್ನಲ್ಲಿನ ರಿಲೇಗಳಲ್ಲಿ, ಅಂದರೆ ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚುಗಳಲ್ಲಿ, ತಾಮ್ರ-ಬೆಳ್ಳಿಯ ಸಂಪರ್ಕಗಳ ಮೇಲೆ ಹಸಿರು ತುಕ್ಕು ಕಟ್ಟುತ್ತದೆ. ಇವತ್ತು ತೊಳೆದು ಒರೆಸಿ ಹಾಕಿದ ರಿಲೇ ಇವತ್ತು ಕೆಲಸ ಮಾಡುತ್ತದೆ, ಆರು ತಿಂಗಳ ಮೇಲೆ ಕೈಕೊಡುತ್ತದೆ. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಿಗೆ ಇಳಿದ ಕ್ಲೋರೈಡ್ ಒಳಗಿನ ಕಬ್ಬಿಣದ ಸರಳು ತಲುಪಿದರೆ ಅಲ್ಲಿ ತುಕ್ಕು ಏಳುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ.

ಮಾಂಟಗ್ಯೂ ಸುರಂಗವನ್ನು 2013ರ ಆಗಸ್ಟ್‌ನಿಂದ 13 ತಿಂಗಳು ಮುಚ್ಚಿ ಒಳಗಿನದ್ದೆಲ್ಲ ಕಿತ್ತು ಹೊಸದಾಗಿ ಹಾಕಿದರು. ಕನಾರ್ಸಿಯ ದುರಸ್ತಿ ಮುಗಿದದ್ದು 2020ರ ಏಪ್ರಿಲ್‌ನಲ್ಲಿ. 2009ರಲ್ಲಷ್ಟೇ 50 ಕೋಟಿ ಡಾಲರಿಗೂ ಹೆಚ್ಚು ಖರ್ಚಿನಲ್ಲಿ ತೆರೆದಿದ್ದ ಸೌತ್ ಫೆರ್ರಿ ನಿಲ್ದಾಣದ ಬಾಯಿಗೆ ಹಲಗೆ, ಮರಳುಚೀಲ ಅಡ್ಡ ಇಟ್ಟಿದ್ದರು. ತೇಲಿಬಂದ ಮರದ ದಿಮ್ಮಿಗಳು ಅದನ್ನು ಒಡೆದವು. ಹೊಸ ನಿಲ್ದಾಣ ಮತ್ತೆ ತೆರೆದದ್ದು 2017ರ ಜೂನ್‌ನಲ್ಲಿ. ಅಲ್ಲಿಯವರೆಗೆ ಪಕ್ಕದ ಹಳೆಯ ನಿಲ್ದಾಣವನ್ನೇ ಧೂಳು ಕೊಡವಿ ಬಳಸಿದರು. ಹಡ್ಸನ್ ನದಿಯಡಿಯ 1910ರ ರೈಲುಸುರಂಗಗಳಲ್ಲಿ ಕ್ಲೋರೈಡಿನ ಹಾನಿ ಇನ್ನೂ ನಡೆದೇ ಇದೆ. ಪಕ್ಕದಲ್ಲಿ ಹೊಸ ಸುರಂಗ ಕೊರೆಯುವ ಗೇಟ್‌ವೇ ಯೋಜನೆಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು.

ಕೆಳ ಮ್ಯಾನ್‌ಹಟನ್‌ನ ಫೋನಿನ ತಾಮ್ರದ ಕೇಬಲ್ಲುಗಳದ್ದು ಇನ್ನೊಂದು ಬಗೆ. ಅವುಗಳೊಳಗೆ ಒತ್ತಡದ ಗಾಳಿ ತುಂಬಿ ನೀರು ಜಿನುಗದಂತೆ ಇಟ್ಟಿರುತ್ತಾರೆ. ಕರೆಂಟು ಹೋಗಿ ಕಂಪ್ರೆಸರ್ ನಿಂತಿತು, ಗಾಳಿ ಇಳಿಯಿತು, ನೀರು ಒಳಗೆ ಬಂತು. ಸರಿಪಡಿಸುವ ಗೊಡವೆಗೆ ಹೋಗದೆ ತಾಮ್ರ ಕಿತ್ತು ಫೈಬರ್ ಎಳೆದರು.

ಮನೆಯೊಳಗೆ

ಸುರಂಗಕ್ಕೆ ಹೇಳಿದ್ದು ಮನೆಗೂ ಹೊಂದುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್ ಸುತ್ತ ಮನೆ ಮಾಡಿರುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲವಾದ್ದರಿಂದ ಇದನ್ನು ಕೊಂಚ ವಿವರವಾಗಿಯೇ ಬರೆಯಬೇಕು.

ನೀರು ಹೊಕ್ಕ ಬೇಸ್‌ಮೆಂಟಿಗೆ ಇಳಿಯುವ ಮುನ್ನ ಕರೆಂಟು ಹೊರಗಿನಿಂದಲೇ ಕಡಿದಿರಬೇಕು. ಪ್ಯಾನೆಲ್ ಬೇಸ್‌ಮೆಂಟಿನಲ್ಲೇ ಇದ್ದರೆ ನೀವು ಮುಟ್ಟುವಂತಿಲ್ಲ, ಕಂಪನಿಯವರೇ ಮೀಟರಿನಲ್ಲಿ ತೆಗೆಯಬೇಕು. ನ್ಯೂಯಾರ್ಕ್ ನಗರದ ಕಡಲಂಚಿನ ಬ್ರೀಝಿ ಪಾಯಿಂಟ್‌ನಲ್ಲಿ ಆ ರಾತ್ರಿ ನೂರಕ್ಕೂ ಹೆಚ್ಚು ಮನೆ ಸುಟ್ಟವು. ಒಂದು ಮನೆಯ ವೈರಿಂಗಿಗೆ ಕಡಲನೀರು ತಾಗಿ ಹತ್ತಿದ ಕಿಡಿ ಅದು. ಸುತ್ತ ನೀರಿದ್ದರೂ ಅಗ್ನಿಶಾಮಕದವರು ಆ ನೀರಿನಿಂದಲೇ ಒಳಗೆ ಬರಲಾಗದೆ ಒದ್ದಾಡಿದರು.

ಆಮೇಲೆ ಪಂಪು. ಎಲ್ಲರೂ ಮಾಡುವ ತಪ್ಪು ಒಂದೇ ದಿನದಲ್ಲಿ ಖಾಲಿ ಮಾಡುವುದು. ಗೋಡೆಯ ಹೊರಗಿನ ಮಣ್ಣು ನೀರು ಕುಡಿದು ಒಳಕ್ಕೆ ಒತ್ತುತ್ತಿರುತ್ತದೆ. ಅದಕ್ಕೆ ಎದುರು ಒತ್ತುತ್ತಿದ್ದದ್ದು ಒಳಗಿನ ನೀರೇ. ಅದನ್ನು ತೆಗೆದುಬಿಟ್ಟರೆ ಬ್ಲಾಕಿನ ಗೋಡೆ ಒಳಕ್ಕೆ ಬಾಗಿ ಕುಸಿಯಬಹುದು, ನೆಲದ ಕಾಂಕ್ರೀಟೂ ಮೇಲಕ್ಕೆದ್ದು ಬಿರುಕು ಬಿಡಬಹುದು. ಒಂದಡಿ ತೆಗೆಯಿರಿ, ಗೋಡೆಯ ಮೇಲೆ ಗೆರೆ ಹಾಕಿ, ರಾತ್ರಿ ಬಿಡಿ. ಬೆಳಿಗ್ಗೆ ನೀರು ಗೆರೆಗಿಂತ ಮೇಲೆ ಬಂದಿದ್ದರೆ ಹೊರಗೆ ಇನ್ನೂ ನೀರಿದೆ ಎಂದರ್ಥ, ಕಾಯಿರಿ. ಬಂದಿಲ್ಲವಾದರೆ ಮುಂದಿನ ಒಂದೆರಡು ಅಡಿ.

ಎಣ್ಣೆ ಟ್ಯಾಂಕಿನ ಲೆಕ್ಕ ಮೊದಲು ನೋಡಿದಾಗ ನಂಬಿಕೆಯಾಗುವುದಿಲ್ಲ. ಮನೆ ಕಾಯಿಸುವ ಎಣ್ಣೆಗೆ ಸಾಮಾನ್ಯವಾಗಿ 275 ಗ್ಯಾಲನ್ ಟ್ಯಾಂಕು, ಅಂದರೆ ಸುಮಾರು 1,040 ಲೀಟರ್. ಅದು ಮುಳುಗಿದರೆ ಕಡಲನೀರು ಅದನ್ನು ಸುಮಾರು 1,065 ಕೆಜಿ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಪೂರ್ತಿ ತುಂಬಿದ ಎಣ್ಣೆಯ ತೂಕ ಅಂದಾಜು 885 ಕೆಜಿ, ಟ್ಯಾಂಕಿನ ತಗಡು ನೂರು ಚಿಲ್ಲರೆ ಕೆಜಿ. ತುಂಬಿದ್ದರೂ ಅದು ತೇಲುವ ಅಂಚಿನಲ್ಲೇ ಇರುತ್ತದೆ. ಅರ್ಧ ಖಾಲಿ ಇದ್ದರೆ ಅರ್ಧ ಟನ್ ಬಲದಿಂದ ಎದ್ದು, ತಾಮ್ರದ ಕೊಳವೆ ಕಿತ್ತು, ಎಣ್ಣೆಯನ್ನೆಲ್ಲ ನೀರಿಗೆ ಚೆಲ್ಲುತ್ತದೆ. ನೀರು ಹೊಕ್ಕ ಮನೆಯನ್ನು ಒಣಗಿಸಬಹುದು. ಎಣ್ಣೆ ಕುಡಿದ ಬ್ಲಾಕು, ಮರದಿಂದ ವಾಸನೆ ತೆಗೆಯುವುದು ಬಹುಪಾಲು ಆಗದ ಮಾತು. ಟ್ಯಾಂಕಿನ ಮೇಲೆ ಎರಡು ಉಕ್ಕಿನ ಪಟ್ಟಿ ಬಿಗಿದು ಕಾಂಕ್ರೀಟಿಗೆ ಬೋಲ್ಟ್ ಹಾಕುವ ಖರ್ಚು ಅದರ ಮುಂದೆ ಏನೂ ಅಲ್ಲ.

ಗೋಡೆಯ ಜಿಪ್ಸಂ ಹಲಗೆ ನೀರನ್ನು ಬತ್ತಿಯಂತೆ ಮೇಲಕ್ಕೆಳೆಯುತ್ತದೆ, ಆದ್ದರಿಂದ ನೀರಿನ ಗುರುತಿಗಿಂತ ಒಂದೆರಡು ಅಡಿ ಮೇಲೆ ಕತ್ತರಿಸಬೇಕು. ಒಳಗಿನ ಇನ್ಸುಲೇಷನ್ ಒದ್ದೆಯಾಗಿದ್ದರೆ ಒಣಗಿಸುವ ಆಸೆ ಬಿಟ್ಟು ಎಸೆಯಬೇಕು. ಉಳಿದ ಮರದ ಚೌಕಟ್ಟನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಇಳಿಸಬೇಕು, ಬೂಸ್ಟನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು. ಬ್ಲೀಚು ಸುರಿದರೆ ಮೇಲಿನ ಬಣ್ಣ ಹೋಗುತ್ತದೆಯೇ ಹೊರತು ಮರದೊಳಗಿನ ಬೂಸ್ಟು ಹೋಗದು, ಬ್ಲೀಚಿನ ನೀರು ಮಾತ್ರ ಒಳಗಿಳಿದು ಅದಕ್ಕೆ ಇನ್ನಷ್ಟು ತೇವ ಕೊಡುತ್ತದೆ. ಎರಡು ಮೊಳೆಯ ತೇವಮಾಪಕ ಮರಕ್ಕೆ ಚುಚ್ಚಿ ನೋಡಿ, 15 ಶೇಕಡಾಕ್ಕಿಂತ ಕೆಳಗೆ ಬರುವ ತನಕ ಗೋಡೆ ಮುಚ್ಚಬಾರದು.

ಹೇಳುವುದು ಸುಲಭ. ಸ್ಯಾಂಡಿ ಬಂದದ್ದು ಅಕ್ಟೋಬರ್ ಕೊನೆಗೆ. ನವೆಂಬರ್ 7ಕ್ಕೆ ಇನ್ನೊಂದು ಬಿರುಗಾಳಿ ಹಿಮ ಸುರಿಸಿತು. ಬಾಯ್ಲರ್ ಉಪ್ಪುನೀರಲ್ಲಿ ಸತ್ತಿತ್ತು, ಕಾವಿಲ್ಲದೆ ಮರ ಒಣಗದು, ಮರ ಒಣಗದೆ ಗೋಡೆ ಮುಚ್ಚಲಾಗದು, ಗೋಡೆಯಿಲ್ಲದ ಮನೆಯಲ್ಲಿ ಚಳಿ ತಡೆಯದು. ಉಷ್ಣವಲಯದ ಚಂಡಮಾರುತದ ಪಾಠಗಳು ಇಲ್ಲಿ ಸಾಲದೆ ಹೋದದ್ದು ಇಲ್ಲಿಯೇ. ಕ್ರಿಸ್ಮಸ್‌ಗೆ ಮನೆ ಸೇರಬೇಕೆಂದು ಅವಸರದಲ್ಲಿ ಮುಚ್ಚಿದ ಗೋಡೆಗಳನ್ನು ಮತ್ತೆ ಒಡೆಸಬೇಕಾಯಿತು. ನೇರ ಸಾವುಗಳ ಹೊರತಾಗಿ ಪರೋಕ್ಷವಾಗಿ ಸತ್ತ 87 ಜನರಲ್ಲಿ ಸುಮಾರು 50 ಜನರ ಸಾವಿಗೆ ಕರೆಂಟಿಲ್ಲದ ಚಳಿಯ ದಿನಗಳೇ ಕಾರಣ. ಮೈ ತಣ್ಣಗಾಗಿ, ಕತ್ತಲಲ್ಲಿ ಬಿದ್ದು, ಇಲ್ಲವೇ ತಪ್ಪಾದ ಜಾಗದಲ್ಲಿಟ್ಟ ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಕುಡಿದು. ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಳಗೆ ಓಡಿಸಿದರೂ ಅದು ಕೊಲ್ಲುತ್ತದೆ. ಮನೆಯಿಂದ 20 ಅಡಿ ದೂರ, ಹೊಗೆಯ ಬಾಯಿ ಕಿಟಕಿಗೆ ಬೆನ್ನು ಮಾಡಿರಬೇಕು.

ಪೆಟ್ರೋಲಿಗೂ ಪರದಾಟ. ಬಂಕಿನ ನೆಲದಡಿ ಪೆಟ್ರೋಲ್ ಇತ್ತು, ಮೇಲೆತ್ತಲು ಕರೆಂಟಿರಲಿಲ್ಲ. ನ್ಯೂಜೆರ್ಸಿಯ 12 ಕೌಂಟಿಗಳಲ್ಲಿ ನವೆಂಬರ್ 3ರಿಂದ ನಂಬರ್ ಪ್ಲೇಟಿನ ಕೊನೆಯ ಅಂಕೆ ನೋಡಿ ಸಮ-ಬೆಸ ಪದ್ಧತಿಯಲ್ಲಿ ಹಂಚಿದರು.

ಮರಳು, ಕಲ್ಲು, ದುಡ್ಡು

ನ್ಯೂಜೆರ್ಸಿಯ ಕಡಲಂಚಿನಲ್ಲಿ ಬೇ ಹೆಡ್ ಮತ್ತು ಮಾಂಟೊಲೋಕಿಂಗ್ ಅಂಟಿಕೊಂಡ ಊರುಗಳು. ಅದೇ ಕಡಲು, ಅದೇ ಗಾಳಿ. ಮಾಂಟೊಲೋಕಿಂಗ್‌ನಲ್ಲಿ ಕಡಲಮುಖದ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು ಹಾನಿಗೊಂಡವು ಅಥವಾ ನಿರ್ನಾಮವಾದವು. ಸೇತುವೆಯ ಬಳಿ ಕಡಲು ದಿಬ್ಬವನ್ನೇ ಕಡಿದು ಹಿಂದಿನ ಕೊಲ್ಲಿಗೆ ದಾರಿ ಮಾಡಿಕೊಂಡಿತು. ಬೇ ಹೆಡ್‌ನಲ್ಲಿ ಮನೆಗಳಿಗೆ ನೀರು ಹೊಕ್ಕಿತು, ಆದರೆ ಕಡಲಮುಖದಲ್ಲಿ ಪೂರ್ತಿ ಹೋದದ್ದು ಒಂದೇ ಮನೆ. ವರ್ಜೀನಿಯಾ ಟೆಕ್‌ನ ಸಂಶೋಧಕರು ಹುಡುಕಿದಾಗ ಸಿಕ್ಕಿದ್ದು ಮರಳಿನಡಿ ಹೂತುಹೋಗಿದ್ದ, 1882ರಲ್ಲಿ ಕಟ್ಟಿದ 1,260 ಮೀಟರ್ ಉದ್ದದ ಕಲ್ಲಿನ ಗೋಡೆ. ಮೊದಲು ಮರಳುದಿಬ್ಬ ಅಲೆಯ ಬಲ ಕುಗ್ಗಿಸಿತು, ಅದು ಕೊಚ್ಚಿಹೋದ ಮೇಲೆ ಕಲ್ಲು ಎದುರಾಯಿತು.

ಹಾಗಂತ ಎಲ್ಲ ಕಡೆ ಕಲ್ಲು ಹಾಕೋಣ ಅನ್ನುವಂತಿಲ್ಲ. ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತ ನೋಡಿದವರಿಗೆ ಬರೀ ಕಲ್ಲು ಸುರಿದರೆ ಏನಾಗುತ್ತದೆಂದು ಗೊತ್ತು: ಅಲೆ ಬಡಿದು ಹಿಂದಿರುಗುವಾಗ ಮುಂದಿನ ಮರಳನ್ನು ಎಳೆದೊಯ್ಯುತ್ತದೆ, ಕಲ್ಲು ಕುಸಿಯುತ್ತದೆ, ಮುಂದಿನ ಮಳೆಗಾಲಕ್ಕೆ ಮತ್ತೆ ಲಾರಿ. ಬೇ ಹೆಡ್‌ನಲ್ಲಿ ಕೆಲಸ ಮಾಡಿದ್ದು ಕಲ್ಲು ಮತ್ತು ಅದರ ಮೇಲಿನ ಮರಳು ಎರಡೂ ಸೇರಿ.

ನ್ಯೂಜೆರ್ಸಿಯದ್ದೇ ಆದ ಲಾಂಗ್ ಬೀಚ್ ಐಲೆಂಡ್‌ನಲ್ಲಿ ಸೇನಾ ಎಂಜಿನಿಯರುಗಳ ವಿನ್ಯಾಸ 22 ಅಡಿ ಎತ್ತರ, ನೆತ್ತಿಯಲ್ಲಿ 30 ಅಡಿ ಅಗಲದ ಮರಳುದಿಬ್ಬ. ದಿಬ್ಬ ಇದ್ದ ಹಾರ್ವಿ ಸೀಡರ್ಸ್, ಸರ್ಫ್ ಸಿಟಿಗಳು ಇಲ್ಲದ ನೆರೆಯವುಗಳಿಗಿಂತ ಎಷ್ಟೋ ಪಾಲು ಉಳಿದವು. ಹಾರ್ವಿ ಸೀಡರ್ಸ್‌ನಲ್ಲಿ ದಂಪತಿಯೊಂದು ‘ದಿಬ್ಬದಿಂದ ನಮ್ಮ ಮನೆಗೆ ಕಡಲು ಕಾಣದಂತಾಯಿತು’ ಎಂದು ದಾವೆ ಹೂಡಿ, ಚಂಡಮಾರುತಕ್ಕೆ ಮೊದಲೇ 3.75 ಲಕ್ಷ ಡಾಲರ್ ಗೆದ್ದಿತ್ತು. 2013ರ ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಆದೇಶ ರದ್ದುಮಾಡಿತು. ದಿಬ್ಬದಿಂದ ಮನೆಗೆ ಸಿಗುವ ರಕ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಕೊನೆಗೆ ಒಂದು ಡಾಲರಿಗೆ ರಾಜಿಯಾಯಿತು.

ಮನೆಯನ್ನೇ ಎತ್ತುವುದು ಇನ್ನೊಂದು ದಾರಿ. ಪಾಯದ ಗೋಡೆಯಲ್ಲಿ ತೂತು ಕೊರೆದು ಉಕ್ಕಿನ ತೊಲೆ ತೂರಿಸಿ, ಒಂದೇ ಯಂತ್ರಕ್ಕೆ ಜೋಡಿಸಿದ ಹೈಡ್ರಾಲಿಕ್ ಜಾಕುಗಳಿಂದ ಎಲ್ಲ ಮೂಲೆಯನ್ನೂ ಒಟ್ಟಿಗೆ ಎತ್ತುತ್ತಾರೆ. ಕೆಲವು ಅಂಗುಲಕ್ಕೊಮ್ಮೆ ಮರದ ದಿಮ್ಮಿಗಳನ್ನು ಅಡ್ಡ-ಉದ್ದ ಪೇರಿಸಿ ಭಾರ ಕೂರಿಸಿ, ಜಾಕು ತೆಗೆದು ಮತ್ತೆ ಇಡುತ್ತಾರೆ. ಒಂದು ಮೂಲೆ ಮುಂದಾದರೆ ಗೋಡೆ ಸೀಳುತ್ತದೆ. ಕಂಬ ನೆಡಬೇಕಾದ ಕಡೆ ಮನೆ ಮೇಲಿದ್ದರೆ ಯಂತ್ರಕ್ಕೆ ಜಾಗವಿಲ್ಲ, ಆಗ ಮನೆಯನ್ನು ಪಕ್ಕಕ್ಕೆ ಸರಿಸಬೇಕು, ಇಲ್ಲವೇ ತಿರುಪಿನಂತೆ ಇಳಿಯುವ ಉಕ್ಕಿನ ಕಂಬ ಬಳಸಬೇಕು. ಎತ್ತಿದ ಮೇಲೆ ಕೆಳಗೆ ಗೋಡೆ ಕಟ್ಟಿದರೆ ನೀರು ಒಳಹೋಗಿ ಹೊರಬರಲು ಕಿಂಡಿ ಬಿಡಲೇಬೇಕು: ಒಳಗಿನ ಪ್ರತಿ ಚದರ ಅಡಿಗೆ ಒಂದು ಚದರ ಅಂಗುಲ, ಕನಿಷ್ಠ ಎರಡು ಕಿಂಡಿ, ಬೇರೆಬೇರೆ ಗೋಡೆಯಲ್ಲಿ, ಕಿಂಡಿಯ ತಳ ನೆಲದಿಂದ ಒಂದಡಿಯೊಳಗೆ. ಇಲ್ಲದಿದ್ದರೆ 30 ಅಡಿ ಗೋಡೆಯ ಒಂದೇ ಬದಿಗೆ ಮೂರಡಿ ನೀರು ನಿಂತಾಗ ಬೀಳುವ ಒತ್ತಡ ನಾಲ್ಕು ಟನ್ ಹತ್ತಿರ.

ಇದರಲ್ಲಿ ಎಲ್ಲರೂ ಮರೆಯುವುದು ಮೆಟ್ಟಿಲು. ಹತ್ತಡಿ ಎತ್ತಿದ ಮನೆಗೆ ಹದಿನಾರು-ಹದಿನೇಳು ಮೆಟ್ಟಿಲು ಬೇಕು. ಎಪ್ಪತ್ತು ದಾಟಿದವರಿಗೆ ದಿನಾ ಅದೇ ದೊಡ್ಡ ವಿಪತ್ತು. ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡ್‌ನ ಓಕ್‌ವುಡ್ ಬೀಚಿನಲ್ಲಿ ಬೇಸಿಗೆಯ ರಜೆಗೆಂದು ಕಟ್ಟಿ ಆಮೇಲೆ ವರ್ಷಪೂರ್ತಿ ವಾಸಕ್ಕಾದ ಪುಟ್ಟ ಮನೆಗಳ ಜನ ಎತ್ತುವ ಗೋಜು ಬೇಡವೆಂದು, ಸರ್ಕಾರಕ್ಕೆ ಚಂಡಮಾರುತದ ಹಿಂದಿನ ಬೆಲೆಗೆ ಮಾರಿ ಹೊರಟರು. ಆ ಜಾಗ ಮತ್ತೆ ಜೌಗಾಗಲು ಬಿಟ್ಟಿದ್ದಾರೆ. ಇಡೀ ಕರಾವಳಿಯಲ್ಲಿ ನಡೆದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸುವುದು ಇದೇ.

ವಿಮೆಯ ವಿಷಯ ಒಂದೆರಡು ಮಾತಲ್ಲಿ. ಮನೆಯ ಸಾಮಾನ್ಯ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಬೇರೆ ಕೊಳ್ಳಬೇಕು, ಅದು ಸಾಮಾನ್ಯವಾಗಿ ಕೊಂಡ 30 ದಿನದ ಮೇಲೆ ಜಾರಿ. ಮನೆಗೆ ಗರಿಷ್ಠ 2.5 ಲಕ್ಷ ಡಾಲರ್, ಸಾಮಾನಿಗೆ 1 ಲಕ್ಷ. ಬೇಸ್‌ಮೆಂಟಿನಲ್ಲಿ ಬಾಯ್ಲರು, ಪ್ಯಾನೆಲ್ಲು, ಎಣ್ಣೆ ಟ್ಯಾಂಕಿಗೆ ಹಣ ಬರುತ್ತದೆ. ನೀವು ಆಸೆಪಟ್ಟು ಹಾಕಿಸಿದ ನೆಲಹಾಸು, ಸೋಫಾ, ಟಿವಿಗೆ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ: ದಡ ಮುಟ್ಟುವ ಸ್ವಲ್ಪ ಮುಂಚೆ ಹವಾಮಾನ ಕೇಂದ್ರ ಸ್ಯಾಂಡಿಯನ್ನು ಹರಿಕೇನ್, ಅಂದರೆ ಬೆಚ್ಚಗಿನ ಕಡಲಿನಿಂದ ಬಲ ಪಡೆಯುವ ಉಷ್ಣವಲಯದ ಚಂಡಮಾರುತಗಳ ಪಟ್ಟಿಯಿಂದ ತೆಗೆದಿತ್ತು. ಹಾಗಾಗಿ ಹರಿಕೇನ್ ಬಂದಾಗ ನಷ್ಟದಲ್ಲಿ ಮನೆಬೆಲೆಯ ಇಂತಿಷ್ಟು ಶೇಕಡಾವನ್ನು ಮಾಲೀಕರೇ ಹೊರಬೇಕೆಂಬ ಕಡಿತ ಅನ್ವಯಿಸುವಂತಿಲ್ಲ ಎಂದು ಎರಡೂ ರಾಜ್ಯದ ಗವರ್ನರುಗಳು ವಿಮಾ ಕಂಪನಿಗಳಿಗೆ ಹೇಳಿದರು, ಜನರಿಗೆ ಸಾವಿರಾರು ಡಾಲರ್ ಉಳಿಯಿತು. ಸ್ಯಾಂಡಿ ಹೀಗೆ ಪಟ್ಟಿಯಿಂದ ಹೊರಬೀಳುತ್ತದೆಂಬ ನಿರೀಕ್ಷೆ ಮೊದಲೇ ಇದ್ದುದರಿಂದ ಉತ್ತರ ಕೆರೋಲೈನಾದಿಂದ ಮೇಲೆ ಹರಿಕೇನ್ ಎಚ್ಚರಿಕೆಯನ್ನೇ ಕೊಟ್ಟಿರಲಿಲ್ಲ. ಮರುವರ್ಷ ಆ ನಿಯಮ ಬದಲಾಯಿತು, 2017ರಿಂದ ಸರ್ಜ್‌ಗೇ ಪ್ರತ್ಯೇಕ ಎಚ್ಚರಿಕೆ ಬರುತ್ತಿದೆ.

ಈಗ ಅಲ್ಲಿ ಮನೆ ನೋಡುತ್ತಿರುವವರು ಅಡುಗೆಮನೆಯ ಗ್ರಾನೈಟ್ ನೋಡುವ ಮುಂಚೆ ಕೇಳಬೇಕಾದದ್ದು ಎಲಿವೇಷನ್ ಸರ್ಟಿಫಿಕೇಟ್. ಅದರಲ್ಲಿ ಅತಿ ಕೆಳಗಿನ ನೆಲದ ಎತ್ತರ, ಯಂತ್ರೋಪಕರಣ ಕೂತ ಎತ್ತರ, ಆ ಜಾಗದ ಪ್ರವಾಹಮಟ್ಟ ಮೂರೂ ಅಡಿ-ದಶಮಾಂಶದಲ್ಲಿ ಇರುತ್ತವೆ. ಮೊದಲೆರಡರಿಂದ ಮೂರನೆಯದನ್ನು ಕಳೆದು ನೋಡಿ. ಉತ್ತರ ಋಣವಾಗಿ ಬಂದರೆ ಬೆಲೆಯ ಮಾತು ಬೇರೆಯೇ ಆಗಬೇಕು. ಹಿಂದೆ ನೀರು ಬಂದಿತ್ತೇ ಎಂಬುದನ್ನು 2024ರ ಮಾರ್ಚ್ 20ರಿಂದ ನ್ಯೂಜೆರ್ಸಿಯಲ್ಲಿ ಮಾರುವವರು, ಬಾಡಿಗೆಗೆ ಕೊಡುವವರು ಇಬ್ಬರೂ ಬರಹದಲ್ಲಿ ತಿಳಿಸಬೇಕು. ನ್ಯೂಯಾರ್ಕ್ ರಾಜ್ಯದಲ್ಲೂ ಮಾರುವವರಿಗೆ ಅದೇ ದಿನದಿಂದ ಈ ಕಟ್ಟು ಬಂತು. ಅಲ್ಲಿಯವರೆಗೆ ಅಲ್ಲಿನ ಮಾರಾಟಗಾರ ಕೊಳ್ಳುವವನಿಗೆ 500 ಡಾಲರ್ ಬಿಟ್ಟುಕೊಟ್ಟು ಬಾಯಿ ಮುಚ್ಚಿಕೊಂಡಿರಬಹುದಿತ್ತು.